ತಲೆ ನಿಧಾನಕ್ಕೆ ಬರಲಿ

ಆಕೆಯನ್ನು ನಾನು ಮೊದಲು ನೋಡಿದ್ದು ಬಳ್ಳಾರಿಯ ಹೆಂಗಸರ ಆಸ್ಪತ್ರೆಯಲ್ಲಿ. ವಾರ್ಡಿನ ಹೊರಗಿನ ಕಟ್ಟೆಯ ತುದಿಯಲ್ಲಿ, ಉಳಿದವರಿಗೆಲ್ಲ ಬೆನ್ನು ಮಾಡಿ ಕೂತಿದ್ದಳು. ಬಿಸಿಲು ಕಟ್ಟೆಯ ಮೇಲೆ ಏರಿ ಬಂದಂತೆಲ್ಲ ಇನ್ನೂ ಅತ್ತ ಸರಿಯುತ್ತಿದ್ದಳೇ ಹೊರತು ನೆರಳಿಗೆ ಬರುತ್ತಿರಲಿಲ್ಲ. ನೆರಳಿನಲ್ಲಿ ಜನ ಇದ್ದರು.

ಕುರುಗೋಡಿನ ಹುಡುಗಿ. ಸಿರುಗುಪ್ಪಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಮಗುವಿನ ತಲೆ ಒಂದೇ ರಭಸಕ್ಕೆ ಹೊರಬಿದ್ದು, ಹೆರಿಗೆಯ ದಾರಿಗೂ ಮಲದ್ವಾರಕ್ಕೂ ನಡುವೆ ಇರುವ ಎರಡು ಬೆರಳಗಲದ ಜಾಗ ಕೊನೆಯತನಕ ಸೀಳಿಹೋಗಿತ್ತು. ಆ ಜಾಗಕ್ಕೆ ನಮ್ಮ ನರ್ಸಿಂಗ್ ಪಾಠದ ಪುಸ್ತಕದಲ್ಲಿ ಇಂಗ್ಲಿಷಿನ ಹೆಸರಿತ್ತು. ಮನೆಯ ಮಾತಿನಲ್ಲಿ ಯಾವ ಹೆಸರೂ ಇರಲಿಲ್ಲ. ಹೆಸರೇ ಇಲ್ಲದ ಜಾಗ ಹರಿದರೆ ಯಾರ ಮುಂದೆ ಏನೆಂದು ಹೇಳಿಕೊಳ್ಳುವುದು? ಆಕೆ ಯಾರಿಗೂ ಹೇಳಿಕೊಂಡಿರಲಿಲ್ಲ. ಮಗು ತಿಂಗಳು ತುಂಬುವ ಮೊದಲೇ ಜ್ವರದಲ್ಲಿ ಹೋಯಿತು. ಮಲ ತಡೆದುಕೊಳ್ಳುವ ಶಕ್ತಿ ಆಕೆಗೆ ಇಲ್ಲವಾಗಿತ್ತು. ಗಂಡನ ಮನೆಯಿಂದ ಕರೆಯಲು ಯಾರೂ ಬರಲಿಲ್ಲ. ತವರಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಂದು ವರ್ಷಕ್ಕೂ ಮೇಲೆ ಇದ್ದು, ಕಡೆಗೆ ತಾಯಿಯೇ ಗಾಡಿ ಕಟ್ಟಿಸಿಕೊಂಡು ಬಳ್ಳಾರಿಗೆ ಕರೆತಂದಿದ್ದಳು.

ನಮ್ಮ ಡಾಕ್ಟರಮ್ಮ ಮದರಾಸಿನ ಕಡೆಯವರು. ಕನ್ನಡ, ತೆಲುಗು ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಹರಿದ ಸ್ನಾಯುವಿನ ಎರಡು ತುದಿಗಳನ್ನು ಹುಡುಕಿ ತಂದು ಕೂಡಿಸಿ ಹೊಲಿಯುವುದು ಅವರ ಕೆಲಸ. ಹೊಲಿದದ್ದು ಬಿಚ್ಚದ ಹಾಗೆ ಕಾಯುವುದು ನನ್ನದು. ಮಂಡಿಗಳನ್ನು ಮೆತ್ತನೆ ಬಟ್ಟೆಯಿಂದ ಜೋಡಿಸಿ ಕಟ್ಟಿ ಮಲಗಿಸಿದ್ದೆವು. ಗಂಜಿಯ ತಿಳಿ ಬಿಟ್ಟು ಬೇರೇನೂ ಕೊಡುವಂತಿರಲಿಲ್ಲ. ಉಚ್ಚೆ ಹೊಯ್ದಾಗಲೆಲ್ಲ ಕಾಯಿಸಿ ಆರಿಸಿದ ನೀರು ಸುರಿದು, ಹತ್ತಿಯಿಂದ ಒತ್ತಿ ತೇವ ತೆಗೆಯಬೇಕು. ಒರೆಸಬಾರದು, ಒತ್ತಬೇಕು ಅಷ್ಟೇ. ಹೊಟ್ಟೆ ಸಡಿಲಿಸಲು ಹರಳೆಣ್ಣೆ ಕೊಟ್ಟ ದಿನ ನಾನು ಆಕೆಯ ಪಕ್ಕದಿಂದ ಏಳಲೇ ಇಲ್ಲ.

ಆ ದಿನಗಳಲ್ಲಿ ನನಗೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಗೆರೆ ಮಸುಕಾಗಿತ್ತು. ನಮ್ಮ ಮನೆ ಕೌಲ್ ಬಜಾರಿನಲ್ಲಿ. ಅಪ್ಪ ದರ್ಜಿ. ಡ್ಯೂಟಿ ಮುಗಿಸಿ ಬಂದು ಹಗಲಲ್ಲಿ ಮಲಗಿದರೆ ಮುಂದಿನ ಕೋಣೆಯ ಹೊಲಿಗೆ ಯಂತ್ರದ ಸದ್ದು ನಿದ್ದೆಯೊಳಗೂ ಬರುತ್ತಿತ್ತು. ಕನಸಿನಲ್ಲಿ ಅಪ್ಪ ಒಂದು ತೆಳ್ಳನೆಯ ಗುಲಾಬಿ ಬಟ್ಟೆಯನ್ನು ಹೊಲಿಯುತ್ತಿದ್ದ. ಅದು ಹರಿಯುತ್ತಲೇ ಇತ್ತು, ಆತ ಹೊಲಿಯುತ್ತಲೇ ಇದ್ದ. ಎದ್ದಾಗ ಮಸೀದಿಯ ಬಾಂಗೋ ಗುಡಿಯ ಗಂಟೆಯೋ ಕೇಳುತ್ತಿತ್ತು. ಆಗಲೇ ಸಂಜೆಯೋ ಇನ್ನೂ ಮಧ್ಯಾಹ್ನವೋ ತಿಳಿಯದೆ ಸೆರಗು ಸರಿಮಾಡಿಕೊಂಡು ಮತ್ತೆ ವಾರ್ಡಿಗೆ ನಡೆಯುತ್ತಿದ್ದೆ.

ಗಾಯ ಕೂಡಿತು. ಮನೆಗೆ ಹೊರಡುವ ದಿನ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದಳು.

"ಅಕ್ಕಾರ, ಮತ್ತ ಬಸುರಾದ್ರ ಇದು ಬಿಚ್ಚತೈತೇನ್ರಿ?"

ಬಿಚ್ಚಬಹುದು, ಬಿಚ್ಚದೆಯೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ನಾನೂ ಅದನ್ನೇ ಹೇಳಿದೆ. ಬಸುರಾದ ತಕ್ಷಣ ನಮಗೆ ತಿಳಿಸಬೇಕು, ಹೆರಿಗೆ ಇಲ್ಲಿಯೇ ಆಗಬೇಕು ಎಂದು ತಾಯಿಗೂ ಹೇಳಿ ಕಳಿಸಿದೆ.

ಇದಾದ ಮೇಲೆ ನನ್ನನ್ನು ಸಿರುಗುಪ್ಪದ ಒಂದು ಸಣ್ಣ ಹೆರಿಗೆ ಕೇಂದ್ರಕ್ಕೆ ಹಾಕಿದರು. ಆಗ ಹೊಸಪೇಟೆಯ ಹತ್ತಿರ ಡ್ಯಾಮಿನ ಕೆಲಸ ನಡೆದಿತ್ತು. ಊರೂರಿನ ಗಂಡಸರು ಅತ್ತ ಹೋಗಿದ್ದರು. ಸಿರುಗುಪ್ಪದಲ್ಲಿ ಹಳೆಯ ಕಾಲುವೆಗಳು, ಕಾಲುವೆಯ ಎರಡೂ ಕಡೆ ಭತ್ತ. ಚಳಿಗಾಲದ ಬೆಳಗಿನಲ್ಲಿ ಗದ್ದೆಯ ಮೇಲಿಂದ ಮಂಜು ಎದ್ದು ಕೇಂದ್ರದ ಬಾಗಿಲವರೆಗೂ ಬರುತ್ತಿತ್ತು. ಬರುವವರ ಕಾಲು ಕಾಣದೆ ಮೊದಲು ತಲೆಯ ಮೇಲಿನ ಬುಟ್ಟಿಯೋ ಕೊಡವೋ ಕಾಣುತ್ತಿತ್ತು. ಹಾಗೆ ಒಂದು ಬೆಳಿಗ್ಗೆ ಮಂಜಿನೊಳಗಿಂದ ಒಬ್ಬ ಬಸುರಿ ಬಂದು ಮೆಟ್ಟಿಲ ಕೆಳಗೆ ನಿಂತಳು. ನಾನು ಬಹಳ ಹೊತ್ತು ನೋಡುತ್ತಲೇ ಇದ್ದೆನೇನೋ, ಆಕೆಯೇ ನಕ್ಕಳು. ನನ್ನ ಗುರುತು ಸಿಗಲಿಲ್ಲವೇ ಎಂದು ಕೇಳಿದಳು.

ಗಾಯ ಕೂಡಿದ ಮೇಲೆ ಗಂಡ ಆಕೆಯನ್ನು ತವರಿನಿಂದ ಕರೆದುಕೊಂಡು ಬಂದಿದ್ದ, ಈಗ ಆತ ಡ್ಯಾಮಿನ ಕೆಲಸದಲ್ಲಿದ್ದ. ಅತ್ತೆ ಆದವಾನಿ ಕಡೆಯವಳು, ಕೆಟ್ಟವಳಲ್ಲ, ಆದರೆ ಈ ಸಲವೂ ಹಾಗೇ ಆದರೆ ಸೊಸೆ ತವರಲ್ಲೇ ಇದ್ದುಬಿಡಲಿ ಎಂದು ತೆಲುಗಿನಲ್ಲಿ ನೆರೆಯವರ ಮುಂದೆ ಹೇಳಿದ್ದಳು. ತನಗೆ ತೆಲುಗು ಬರುವುದಿಲ್ಲವೆಂದು ಅತ್ತೆ ತಿಳಿದಿದ್ದಾಳೆ, ಎಲ್ಲ ತಿಳಿಯುತ್ತದೆ ಎಂದು ಆಕೆ ಹೇಳಿದಳು. ಹೇಳುವಾಗ ದನಿಯಲ್ಲಿ ದೂರಿರಲಿಲ್ಲ.

ಪರೀಕ್ಷೆ ಮಾಡಿದೆ. ಹಳೆಯ ಗಾಯದ ಗುರುತು ತೆಳ್ಳಗೆ, ಬೆಳ್ಳಗೆ, ದಾರದ ಹಾಗೆ ಇತ್ತು. ಆದರೆ ನನ್ನ ಬೆರಳಿಗೆ ಇನ್ನೊಂದು ವಿಷಯ ಗೊತ್ತಾಯಿತು. ಆ ಸ್ನಾಯುವನ್ನು ಆಕೆ ಸದಾ ಬಿಗಿಹಿಡಿದೇ ಇದ್ದಳು. ಕೂತಾಗ, ನಿಂತಾಗ, ಮಾತಾಡುವಾಗ. ಮಲಗಿದಾಗಲೂ ಹಾಗೆಯೇ ಇರುತ್ತೇನೆ ಎಂದಳು. ಎಲ್ಲಿ ಸೋರಿಹೋಗುತ್ತದೋ ಎಂಬ ಭಯ ಹೋಗಿರಲೇ ಇಲ್ಲ. ಆ ಭಯದಲ್ಲೇ ಸಂಸಾರ ಮಾಡಿದ್ದಳು. ಹೆರಿಗೆಯಲ್ಲಿ ಹೀಗೆ ಬಿಗಿ ಹಿಡಿದರೆ ತಲೆ ಬಂದು ಬಡಿಯುವುದು ಗಟ್ಟಿ ಗೋಡೆಗೆ. ಗೋಡೆ ನಿಲ್ಲುವುದಿಲ್ಲ, ಹರಿಯುತ್ತದೆ.

ಅದಕ್ಕೆ ವಾರಕ್ಕೊಮ್ಮೆ ಬಾ ಎಂದೆ. ಎಡ ಮಗ್ಗುಲಿಗೆ ಮಲಗಿಸಿ, ಮೊದಲು ಮುಷ್ಟಿ ಬಿಗಿದು ಬಿಡುವುದನ್ನು ಕಲಿಸಿದೆ, ಆಮೇಲೆ ದವಡೆಯನ್ನು, ಆಮೇಲೆ ತೊಡೆಯನ್ನು. ಬಾಯಿ ತೆರೆದು ಉಸಿರು ಬಿಡುತ್ತಾ ಬಿಗಿ ಸಡಿಲಿಸುವುದು. ಮುಷ್ಟಿ, ದವಡೆ, ತೊಡೆ ಎಲ್ಲ ಮಾತು ಕೇಳಿದವು. ಕೊನೆಯದು ಮಾತ್ರ ಕೇಳಲಿಲ್ಲ. ಬಿಡು ಎಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನೂ ಒತ್ತಾಯ ಮಾಡಲಿಲ್ಲ.

ತಿಂಗಳ ಕೆಲಸಕ್ಕೆ ಬಳ್ಳಾರಿಗೆ ಹೋದಾಗ ಡಾಕ್ಟರಮ್ಮನಿಗೆ ತಿಳಿಸಿದೆ. ದಿನ ತುಂಬುವ ಮುಂಚೆಯೇ ಆಸ್ಪತ್ರೆಗೆ ತಂದು ಸೇರಿಸು ಎಂದರು. ಸಿರುಗುಪ್ಪದಿಂದ ಕುರುಗೋಡಿಗೆ ಮೊದಲು ಕಳಿಸುವುದು, ಅಲ್ಲಿಂದ ಬಳ್ಳಾರಿ ಹತ್ತಿರ, ಕೊನೆಯ ವಾರಗಳಲ್ಲಿ ನಾನೇ ಹೋಗಿ ಕರೆತರುವುದು ಎಂದು ತೀರ್ಮಾನವಾಯಿತು. ಎದ್ದು ಹೊರಟ ನನ್ನನ್ನು ಅವರು ಮತ್ತೆ ಕೂರಿಸಿದರು. ದಾರಿಯಲ್ಲೇ ಬೇನೆ ಬಂದರೆ ಏನು ಮಾಡುತ್ತೀ ಎಂದು ಕೇಳಿದರು. ನಾನು ಪಾಠ ಒಪ್ಪಿಸಿದೆ. ಅವರು ಕೇಳಿಸಿಕೊಂಡು, ಬೀರುವಿನಿಂದ ಮೊಂಡು ತುದಿಯ ಕತ್ತರಿಯೊಂದನ್ನು ತೆಗೆದು ಕೈಗಿಟ್ಟರು. ಹಳೆಯ ಗುರುತು ಬೆಳ್ಳಗಾಗಿ ಎಣ್ಣೆ ಕಾಗದದ ಹಾಗೆ ಹೊಳೆಯಿತೆಂದರೆ, ನೋವು ಹೋದ ಮೇಲೂ ಅದರ ಬಣ್ಣ ತಿರುಗಿ ಬರಲಿಲ್ಲವೆಂದರೆ, ಕಾಯಬೇಡ, ಪಕ್ಕಕ್ಕೆ ಓರೆಯಾಗಿ ಕತ್ತರಿಸು, ನನ್ನ ಅಪ್ಪಣೆ ಇದೆ ಎಂದರು. ಆವರೆಗೆ ನಾನು ಯಾರನ್ನೂ ಕತ್ತರಿಸಿರಲಿಲ್ಲ. ನಮ್ಮಂಥವರು ಕತ್ತರಿಸುವಂತೆಯೂ ಇರಲಿಲ್ಲ.

ಜೋಳ ತೆನೆ ಕಟ್ಟಿದ ಕಾಲದಲ್ಲಿ ಕುರುಗೋಡಿಗೆ ಹೋದೆ. ತೆಕ್ಕಲಕೋಟೆಯವರೆಗೆ ಬಸ್ಸು. ಮುಂದೆ ಅವರ ಮನೆಯಿಂದ ಬಂದಿದ್ದ ಎತ್ತಿನ ಗಾಡಿ. ಕರಿ ಮಣ್ಣಿನ ಹೊಲಗಳಲ್ಲಿ ಹತ್ತಿ ಬಿರಿದಿತ್ತು. ಗಾಡಿಯ ತೂಗಾಟಕ್ಕೆ ನನಗೆ ಜೋಂಪು ಹತ್ತಿ, ಕಣ್ಣು ತೆರೆದಾಗಲೆಲ್ಲ ಎರಡೂ ಕಡೆ ಬೆಳ್ಳಗೆ ಹರಡಿಕೊಂಡಿದ್ದದ್ದು ಹತ್ತಿಯೋ ಸಿರುಗುಪ್ಪದ ಮಂಜೋ ಎಂದು ತಿಳಿಯುತ್ತಿರಲಿಲ್ಲ. ದೂರದಲ್ಲಿ ಕುರುಗೋಡಿನ ಬಂಡೆಗಲ್ಲಿನ ಗುಡ್ಡಗಳು ಕಂಡವು. ಆಮೇಲೆ ಮತ್ತೆ ನಿದ್ದೆ. ಮರುದಿನ ಬೆಳಿಗ್ಗೆ ಆಕೆಯನ್ನು ಕರೆದುಕೊಂಡು ಬಳ್ಳಾರಿಗೆ ಹೊರಡುವುದೆಂದು ಮಾತಾಗಿತ್ತು.

ಬೆಳಿಗ್ಗೆ ಗಾಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಎತ್ತು ಹೂಡಿ ನಿಲ್ಲಿಸಿದ್ದರು. ಆಕೆ ಹೊಸ್ತಿಲು ದಾಟಿದವಳು ಗೋಡೆಗೆ ಕೈಯಿಟ್ಟು ಅಲ್ಲೇ ನಿಂತಳು.

"ಅಕ್ಕಾರ, ನೀರು ಹೋತ್ರಿ."

ಒಳಗೆ ಕರೆದುಕೊಂಡು ಹೋಗಿ ನೋಡಿದೆ. ತಲೆ ತಳಕ್ಕೆ ಬಂದು ಕೂತಿತ್ತು, ಗರ್ಭದ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆದಿತ್ತು. ಬೆಳಗಿನ ಜಾವದಿಂದಲೂ ಬೇನೆ ಇತ್ತಂತೆ. ಆಸ್ಪತ್ರೆಗೆ ಹೋಗುವುದು ತಪ್ಪಿಹೋದೀತೆಂದು ಹೇಳಿರಲಿಲ್ಲ. ತಾಯಿ ಗಾಡಿ ಓಡಿಸಿದರೆ ಮುಟ್ಟುತ್ತೇವೆ ಎಂದಳು. ಗಾಡಿಯವನೂ ಒಪ್ಪಿದ. ನಾನು ಗಾಡಿಯ ಚಕ್ರವನ್ನೂ ದಾರಿಯ ಕಲ್ಲುಗಳನ್ನೂ ನೋಡಿದೆ. ಎರಡನೆಯ ಹೆರಿಗೆ ಬೇಗ ಆಗುತ್ತದೆ. ಕುಲುಕುವ ಗಾಡಿಯಲ್ಲಿ ತಲೆ ಬಂದರೆ ಅದನ್ನು ತಡೆದು ನಿಧಾನಿಸುವ ಕೈ ಯಾವುದು? ಎತ್ತು ಬಿಚ್ಚಿರಿ ಎಂದೆ. ಡಾಕ್ಟರಮ್ಮ ಒಂದು ದಿನದ ದಾರಿಯಾಚೆ ಉಳಿದರು.

ಅದು ಮಾಳಿಗೆಯ ಮನೆ. ಒಳಕೋಣೆಗೆ ಕಿಟಕಿ ಇರಲಿಲ್ಲ. ಚಾವಣಿಯಲ್ಲಿ ಒಂದು ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲು ಗೋಡೆಯ ಮೇಲೆ ಒಂದು ತಾಟಿನಷ್ಟು ಅಗಲಕ್ಕೆ ನಿಂತಿತ್ತು. ನೆಲಕ್ಕೆ ರಬ್ಬರ್ ಶೀಟು, ಅದರ ಮೇಲೆ ಕಾಯಿಸಿ ಒಣಗಿಸಿದ ಬಟ್ಟೆ. ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸಿದೆ. ಉಚ್ಚೆಯೂ ತುಂಬಿರದಂತೆ ನೋಡಿಕೊಂಡೆ, ಏಕೆಂದರೆ ತುಂಬಿದ್ದರೆ ತಲೆಗೆ ಜಾಗ ಕಡಿಮೆ. ಕತ್ತರಿ, ದಾರ, ಬಟ್ಟೆಯ ತುಂಡುಗಳನ್ನು ಬೋಗುಣಿಯಲ್ಲಿ ಕುದಿಸಿದೆ. ಮರದ ನಳಿಗೆಯನ್ನು ಹೊಟ್ಟೆಗೆ ಹಚ್ಚಿ ಕಿವಿಯಿಟ್ಟರೆ ಮಗುವಿನ ಎದೆಬಡಿತ ದೂರದ ಗಿರಣಿಯ ಸದ್ದಿನ ಹಾಗೆ ಸಮನಾಗಿ ಕೇಳುತ್ತಿತ್ತು.

ಕೆಟ್ಟದ್ದು ಶುರುವಾದದ್ದು ಬೇನೆ ಬಲವಾದ ಮೇಲೆ. ಪ್ರತಿ ಬೇನೆಗೂ ಆಕೆ ಉಸಿರು ಕಟ್ಟಿ, ಹಲ್ಲು ಕಚ್ಚಿ, ತೊಡೆ ಜೋಡಿಸಿಬಿಡುತ್ತಿದ್ದಳು. ಕಲಿಸಿದ್ದೆಲ್ಲ ಹಾರಿಹೋಗಿತ್ತು. ತಾಯಿ ತಲೆಯ ಹತ್ತಿರ ಕೂತು, ತಿಣುಕು ತಿಣುಕು ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಬೇಡವೆಂದರೆ ಸುಮ್ಮನಾಗಿ, ಮುಂದಿನ ಬೇನೆಗೆ ಮತ್ತೆ ಅದನ್ನೇ ಹೇಳುವಳು. ಬಾಯಿ ಪೂರ್ತಿ ತೆರೆಯುವ ಮೊದಲೇ ತಿಣುಕಿದರೆ ಊದಿಕೊಳ್ಳುತ್ತದೆ, ಊದಿದ ಜಾಗ ಬೇಗ ಹರಿಯುತ್ತದೆ. ನಾನೊಬ್ಬಳೇ ಮೇಲಿನ ಕಾಲು ಎತ್ತಿ ಹಿಡಿಯಬೇಕು, ಬಿಸಿ ಬಟ್ಟೆ ಒತ್ತಬೇಕು, ತಲೆ ನೋಡಬೇಕು. ಎರಡೇ ಕೈ. ತಾಯಿಯ ಕೈಗೆ ಕಾಲು ಕೊಟ್ಟರೆ ಅವಳ ಕೈ ನಡುಗಿ ಕಾಲು ಜಾರುತ್ತಿತ್ತು. ನೆರೆಯ ಹೆಂಗಸೊಬ್ಬಳನ್ನು ಕರೆದರೆ ಅವಳು ಹಳೆಯ ಕಥೆ ನೆನೆದು ಅಳಲು ಕೂತಳು. ಅವಳನ್ನು ಹೊರಗೆ ಕಳಿಸಿದೆ.

ಆ ಊರಿನ ಸೂಲಗಿತ್ತಿ ಯಾರೆಂದು ಕೇಳಿದೆ. ತಾಯಿ ಮಗಳ ಹಣೆ ಒರೆಸತೊಡಗಿದಳು. ಮಲಗಿದ್ದವಳೇ ಹೇಳಿದಳು, ನನ್ನ ದೊಡ್ಡವ್ವ ಎಂದು.

ಬೇನೆಗಳ ನಡುವೆ ಆಕೆ ತುಂಡು ತುಂಡಾಗಿ ಹೇಳಿದಾಗ ನನಗೆ ಪೂರ್ತಿ ತಿಳಿಯಿತು. ಸೂಲಗಿತ್ತಿ ತಾಯಿಯ ಸ್ವಂತ ಅಕ್ಕ. ಚೊಚ್ಚಲ ಹೆರಿಗೆ ಮಾಡಿಸಿದವಳೂ ಅವಳೇ. ಮೊದಲಿನಿಂದಲೂ ತಿಣುಕಿಸಿ, ಇಬ್ಬರಿಂದ ಹೊಟ್ಟೆ ಒತ್ತಿಸಿ, ತಲೆ ಕಂಡ ಕೂಡಲೇ ಎಳೆದಿದ್ದಳು. ಅವಳು ನೂರಾರು ಹೆರಿಗೆ ಮಾಡಿಸಿದ್ದೇ ಹಾಗೆ. ಇದೊಂದು ಹರಿಯಿತು. ಅದಾದ ಮೇಲೆ ಅಕ್ಕತಂಗಿಯರಿಗೆ ಮಾತಿಲ್ಲ. ಎರಡು ಮನೆಗಳ ನಡುವೆ ಒಂದು ಗೋಡೆ ಮಾತ್ರ.

ನಾನು ಯೋಚಿಸಿದೆ. ಯೋಚಿಸಲು ಎರಡು ಬೇನೆಗಳ ನಡುವಿನಷ್ಟೇ ಬಿಡುವು. ರಕ್ತ ಕಂಡರೆ ಬೆದರದ, ನಡುಗದ ಎರಡು ಕೈ ಆ ಊರಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಆದರೆ ಆ ಕೈಗಳಿಗೆ ತಮ್ಮದೇ ಅಭ್ಯಾಸವಿತ್ತು. ತಲೆ ಕಂಡಾಗ ಅವು ಸುಮ್ಮನಿರುತ್ತವೆಯೇ? ಅದಕ್ಕಿಂತ ಹೆಚ್ಚಾಗಿ, ಆ ಕೈ ಕಂಡರೆ ಈಕೆ ಇನ್ನಷ್ಟು ಬಿಗಿಯಾದರೆ? ಕರೆಯಲಾ ಎಂದು ಕೇಳಿದೆ.

"ಆಕಿ ಕೈ ನನ್ನ ಹತ್ರ ಬಂದ್ರ ನಾ ಎದ್ದು ಹೋಗ್ತೀನ್ರಿ."

"ಆಕಿ ನಿನ್ನ ಕಾಲು ಹಿಡಿತಾಳ, ಅಷ್ಟ. ಉಳಿದದ್ದೆಲ್ಲ ನನ್ನ ಕೈ. ಆಕಿ ಕೈ ಮುಂದ ಬಂದ್ರ ನಾನ ಹೊರಗ ಹಾಕ್ತೀನಿ."

ಬೇನೆ ಬಂತು. ಆಕೆ ಉಸಿರು ಕಟ್ಟಿದಳು, ಮುಖ ಕಪ್ಪಿಟ್ಟಿತು. ಬೇನೆ ಹೋಯಿತು. ಗೋಡೆಯ ಮೇಲಿದ್ದ ಬಿಸಿಲು ಆಗಲೇ ನೆಲಕ್ಕಿಳಿದಿತ್ತು. ಕಣ್ಣು ಮುಚ್ಚಿಕೊಂಡೇ ಕರೆಯಿರಿ ಎಂದಳು.

ಸೂಲಗಿತ್ತಿ ಬಂದಳು. ಎತ್ತರದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಗೋಡೆಯಾಚೆ ಬೆಳಗಿನಿಂದ ನಿಂತೇ ಇದ್ದಳೇನೋ, ಕರೆದ ಕೂಡಲೇ ಬಂದಳು. ಹೊಸ್ತಿಲಲ್ಲಿ ನಿಂತು ತಂಗಿಯ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಮಲಗಿದ್ದವಳನ್ನೇ ಕೇಳಿದಳು.

"ನಾ ಒಳಗ ಬರ್ಲೇನವ್ವ?"

"ಬಾ ದೊಡ್ಡವ್ವ."

ಮೊಳಕೈಯವರೆಗೆ ಸೋಪು ಹಚ್ಚಿ ತೊಳೆಯಲು ಹೇಳಿದೆ, ತೊಳೆದಳು. ಬಳೆ ತೆಗೆ ಎಂದೆ, ತೆಗೆದಳು. ಆಕೆಯ ಬೆನ್ನ ಹಿಂದೆ ಕೂತು, ಮೇಲಿನ ಕಾಲನ್ನು ಮಂಡಿಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿದಳು. ಆ ಕಾಲು ಮತ್ತೆ ಅಲುಗಲಿಲ್ಲ. ತಾಯಿಗೆ ಬೇರೆ ಕೆಲಸ ಕೊಟ್ಟೆ. ಒಲೆಯ ಮೇಲಿನ ನೀರು ಆರಬಾರದು, ಆರಿದ ಬಿಸಿನೀರಿನಿಂದ ಪ್ರಯೋಜನವಿಲ್ಲ, ಬೋಗುಣಿ ತಣ್ಣಗಾದ ಕೂಡಲೇ ಇನ್ನೊಂದು ತಾ ಎಂದೆ. ಅವಳು ಒಲೆಗೂ ಕೋಣೆಗೂ ಓಡಾಡತೊಡಗಿದಳು. ತಿಣುಕು ಎಂಬ ಮಾತು ನಿಂತಿತು.

ನಾನು ಬಟ್ಟೆಯ ಮಡಿಕೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನನ್ನ ಮಣಿಕಟ್ಟಿನ ಒಳಗಡೆ ಇಟ್ಟು ಸುಡದೆಂದು ನೋಡಿ, ಆ ನಡುವಿನ ಜಾಗಕ್ಕೆ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದೆ. ಬೇನೆ ಏರುವಾಗ ಒತ್ತು, ಇಳಿದ ಮೇಲೆ ಹೊಸ ಬಟ್ಟೆ. ಅದ್ದು, ಹಿಂಡು, ಮಣಿಕಟ್ಟಿಗೆ ಇಡು, ಒತ್ತು. ಶಾಖಕ್ಕೆ ಅಲ್ಲಿಯ ಮಾಂಸ ನಿಧಾನವಾಗಿ ಮೆದುವಾಗುವುದು ಅಂಗೈಗೆ ತಿಳಿಯುತ್ತಿತ್ತು. ಆದರೆ ಅದರ ಆಳದಲ್ಲಿ ಆ ಹಳೆಯ ಬಿಗಿ ಹಾಗೇ ಇತ್ತು. ಉಸಿರು ಕಟ್ಟುವುದು ಬಿಟ್ಟಿರಲಿಲ್ಲ.

ಆಗ ಸೂಲಗಿತ್ತಿ ಹಾಡತೊಡಗಿದಳು. ಹಾಡಬೇಕೆಂದು ಹಾಡಿದ್ದಲ್ಲ. ಕಾಲು ಹಿಡಿದು ಸುಮ್ಮನೆ ಕೂರಲಾಗದೆ, ಬಾಯೊಳಗೇ, ಬೀಸುವಾಗಿನ ಒಂದು ಪದ. ನನಗೆ ಮಾತು ಕೇಳಿಸಲಿಲ್ಲ. ಕಲ್ಲು ತಿರುಗಿದ ಹಾಗೆ ಒಂದು ರಾಗ ಮೇಲೆ ಹೋಗಿ, ಸುತ್ತಿ, ಅಲ್ಲಿಗೇ ಬರುತ್ತಿತ್ತು. ಬೇನೆ ಬಂತು. ಹುಡುಗಿ ಉಸಿರು ಕಟ್ಟಲು ಹೊರಟವಳು ಅರ್ಧಕ್ಕೇ ಬಿಟ್ಟಳು. ಅವಳ ಗಂಟಲಿನಿಂದ ಒಂದು ಸಣ್ಣ ದನಿ ಬಂತು, ಆ ರಾಗದ ಕೊನೆಯೊಳಗೆ ಸೇರಿಕೊಂಡಿತು. ಚಿಕ್ಕವಳಿದ್ದಾಗ ದೊಡ್ಡವ್ವನ ತೊಡೆಯ ಮೇಲೆ ಮಲಗಿ ಬೀಸುಕಲ್ಲಿನ ಸದ್ದು ಕೇಳುತ್ತಾ ಬೆಳೆದವಳಂತೆ. ಅದನ್ನು ತಾಯಿ ನನಗೆ ಹೇಳಿದ್ದು ಆಮೇಲೆ. ಆ ಗಳಿಗೆಯಲ್ಲಿ ನನಗೆ ಗೊತ್ತಾದದ್ದು ಒಂದೇ: ನನ್ನ ಅಂಗೈಯ ಕೆಳಗಿನ ಬಿಗಿ ಸ್ವಲ್ಪ ಬಿಟ್ಟಿತ್ತು.

ಹಾಡುವವರಿಗೆ ಉಸಿರು ಕಟ್ಟಲಾಗುವುದಿಲ್ಲ. ಉಸಿರು ಕಟ್ಟದೆ ಜೋರಾಗಿ ತಿಣುಕಲೂ ಆಗುವುದಿಲ್ಲ. ಇಷ್ಟು ಸರಳವಾದದ್ದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಿಲ್ಲಿಸಬೇಡಿ, ಇಬ್ಬರೂ ಹಾಡಿ, ಬೇನೆ ಎಷ್ಟು ಏರುತ್ತದೋ ಅಷ್ಟು ಉದ್ದ ಎಳೆಯಿರಿ ಎಂದೆ.

ಆಮೇಲಿನದು ನನ್ನ ನೆನಪಿನಲ್ಲಿ ಒಂದರ ಹಿಂದೆ ಒಂದಾಗಿ ಇಲ್ಲ, ಒಂದೇ ನೀರಿನಲ್ಲಿ ತೇಲುವ ಹಾಗಿದೆ. ಬೋಗುಣಿಯಿಂದ ಏಳುವ ಆವಿ ಬಿಸಿಲಿನ ಕೋಲಿನೊಳಗೆ ಸುರುಳಿ ಸುತ್ತುತ್ತಿತ್ತು. ರಾಗ ಸುತ್ತುತ್ತಿತ್ತು. ಹೊರಗೆ ಗುಡ್ಡದ ಕಡೆ ಪಾರಿವಾಳಗಳು ಗುಟುಗುಡುತ್ತಿದ್ದವು. ಅದೂ ಆ ಹಾಡಿನದೇ ಒಂದು ತುಂಡಿನಂತೆ ಕೇಳುತ್ತಿತ್ತು. ನಾನು ನಿದ್ದೆಯಲ್ಲಿರಲಿಲ್ಲ, ಇದು ಖಂಡಿತ. ಆದರೆ ನನ್ನ ಕೈಗಳು ನನಗಿಂತ ಸ್ವಲ್ಪ ಮುಂದೆ ಹೋಗಿ ತಾವೇ ಕೆಲಸ ಮಾಡುತ್ತಿದ್ದವು, ನಾನು ಹಿಂದೆ ನಿಂತು ನೋಡುತ್ತಿದ್ದೆ. ಬಿಸಿಲಿನ ತಾಟು ನೆಲದ ಮೇಲೆ ತೆವಳಿ ಶೀಟಿನ ಅಂಚಿಗೆ ಬಂತು.

ತಲೆ ಕಾಣಿಸಿತು. ಬೇನೆಗೆ ಮುಂದೆ ಬಂದು, ಬೇನೆ ಹೋದರೆ ಹಿಂದೆ ಸರಿಯಿತು. ಅದು ಒಳ್ಳೆಯ ಲಕ್ಷಣ, ದಾರಿ ಅಭ್ಯಾಸ ಮಾಡಿಕೊಳ್ಳುತ್ತದೆ. ಮತ್ತೆ ಮುಂದೆ, ಈ ಸಲ ಇನ್ನಷ್ಟು. ಬೆಳಕು ಸಾಲದಾಯಿತು. ತಾಯಿಗೆ ಹಿತ್ತಾಳೆಯ ತಾಟು ತರಲು ಹೇಳಿ, ಬಿಸಿಲಿಗೆ ಹಿಡಿದು ಬೆಳಕನ್ನು ನನ್ನ ಕೈಯ ಮೇಲೆ ತಿರುಗಿಸು ಎಂದೆ. ಹಳದಿ ಬೆಳಕು ಮೊದಲು ಗೋಡೆಯ ಮೇಲೆಲ್ಲ ನಡುಗಿತು. ಆಮೇಲೆ ಬಂದು ನನ್ನ ಬೆರಳುಗಳ ಮೇಲೆ ಕೂತು, ನಿಧಾನವಾಗಿ ನಿಶ್ಚಲವಾಯಿತು.

ಆ ಬೆಳಕಿನಲ್ಲಿ ಗುರುತನ್ನು ನೋಡಿದೆ. ದಾರದಷ್ಟಿದ್ದದ್ದು ಬೆರಳಗಲ ಹರಡಿ, ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಎಣ್ಣೆ ಕಾಗದ.

ಕತ್ತರಿ ಎತ್ತಿಕೊಂಡೆ. ಎಡಗೈಯ ಬೆರಳುಗಳು ತಲೆಯನ್ನು ಮೃದುವಾಗಿ ಒಳಕ್ಕೂ ಕೆಳಕ್ಕೂ ಬಾಗಿಸಿ ಹಿಡಿದಿದ್ದವು, ತಲೆಯ ಸಣ್ಣ ಅಗಲವೇ ಮೊದಲು ಹಾಯಬೇಕು. ಸೂಲಗಿತ್ತಿಯ ಒಂದು ಕೈ ಕಾಲನ್ನು ಬಿಟ್ಟು ಮುಂದೆ ಬಂತು. ಬೆರಳುಗಳು ಆಗಲೇ ತಲೆ ಎಳೆಯುವ ಆಕಾರದಲ್ಲಿ ಬಾಗಿದ್ದವು. ನಾನು ಅವಳ ಮುಖ ನೋಡಿದೆ. ಅವಳು ತನ್ನ ಕೈಯನ್ನೇ ನೋಡಿದಳು, ಯಾರದೋ ಕೈಯೆಂಬಂತೆ. ಆಮೇಲೆ ಅದನ್ನು ಹಿಂದೆ ತೆಗೆದುಕೊಂಡು ಮತ್ತೆ ಮಂಡಿಯ ಕೆಳಗೆ ಇಟ್ಟಳು. ಹಾಡು ಒಂದು ಕ್ಷಣ ತಪ್ಪಿತ್ತು. ಮತ್ತೆ ಹಿಡಿದುಕೊಂಡಳು.

ಬೇನೆ ಇಳಿಯಿತು. ಡಾಕ್ಟರಮ್ಮ ಹೇಳಿದ್ದು ನೆನಪಿತ್ತು: ನೋವು ಹೋದ ಮೇಲೆ ಬಣ್ಣ ನೋಡು. ಬಿಸಿ ಬಟ್ಟೆ ಒತ್ತಿ ತೆಗೆದು ನೋಡಿದೆ. ಬೆಳ್ಳಗೆ ಇತ್ತು. ಇನ್ನೂ ಬೆಳ್ಳಗೇ ಇತ್ತು. ಕತ್ತರಿಯ ಅಲಗನ್ನು ತಲೆಗೂ ಚರ್ಮಕ್ಕೂ ನಡುವೆ ಜಾರಿಸಲು ಬೆರಳು ತೂರಿಸಿದೆ. ಆಗ ಅಂಚಿನಿಂದ, ನೀರಿನಲ್ಲಿ ಕುಂಕುಮ ಬಿದ್ದ ಹಾಗೆ, ಒಂದು ನಸುಗೆಂಪು ಒಳಗೆ ಹರಿಯತೊಡಗಿತು. ಅದು ಪೂರ್ತಿ ತುಂಬುವವರೆಗೆ ನಾನು ಉಸಿರಾಡಲಿಲ್ಲ. ಕತ್ತರಿಯನ್ನು ಬೋಗುಣಿಗೆ ಬಿಟ್ಟೆ. ಮುಂದಿನ ಬೇನೆಗೆ ಮತ್ತೆ ಬೆಳ್ಳಗಾಯಿತು, ಹೋದ ಮೇಲೆ ಮತ್ತೆ ಕೆಂಪು ಬಂತು, ಈ ಸಲ ಬೇಗ.

"ಈಗ ಬ್ಯಾನಿ ಬಂದ್ರ ಏನೂ ಮಾಡಬ್ಯಾಡ. ಹಾಡು ಅಷ್ಟ. ಬ್ಯಾನಿ ಹೋದ ಮ್ಯಾಲ ನಾ ಹೇಳ್ತೀನಿ, ಆವಾಗ ಸಣ್ಣಗ ಒಂದ್ಸಲ ಬಿಡು."

"ಏನು ಬಿಡ್ಲಿರಿ?"

"ಹಿಡಕೊಂಡೀಯಲ್ಲ, ಅದನ್ನ."

ಬೇನೆ ಬಂದು ತುದಿ ಮುಟ್ಟಿತು. ಅವಳು ಹಾಡಿದಳು, ಹಾಡು ಹೋಗಿ ಬರೀ ದನಿಯಾಯಿತು, ಆದರೂ ಉಸಿರು ಹರಿಯುತ್ತಿತ್ತು. ತಲೆ ನನ್ನ ಬೆರಳಿಗೆ ಒತ್ತಿತು. ನಾನು ತಡೆಯಲಿಲ್ಲ, ನಿಧಾನಿಸಿದೆ ಅಷ್ಟೇ. ಬೇನೆ ಇಳಿಯಿತು. ಬಿಡು ಎಂದೆ. ಅವಳ ದವಡೆ ಸಡಿಲವಾಯಿತು, ಮುಷ್ಟಿ ತೆರೆಯಿತು, ತೊಡೆ ಭಾರವಾಗಿ ದೊಡ್ಡವ್ವನ ಕೈಮೇಲೆ ಬಿತ್ತು. ಎಷ್ಟು ವರ್ಷಗಳಿಂದ ಹಿಡಿದದ್ದೋ, ಅದನ್ನು ಬಿಟ್ಟಳು. ಬಲಗೈಯ ಬಟ್ಟೆಯಿಂದ ಆ ಜಾಗವನ್ನು ಆಧರಿಸಿ ಹಿಡಿದಿದ್ದೆ. ನೆತ್ತಿ ಹಾಯಿತು, ಹಣೆ ಹಾಯಿತು, ಮೂಗು, ಬಾಯಿ, ಗದ್ದ. ರಭಸವಿಲ್ಲದೆ ಬಂತು.

ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿರಲಿಲ್ಲ. ಭುಜಗಳಿಗೂ ಅವಸರ ಮಾಡಬಾರದು, ತಲೆಯಲ್ಲಿ ಉಳಿದದ್ದು ಎಷ್ಟೋ ಸಲ ಭುಜದಲ್ಲಿ ಹರಿಯುತ್ತದೆ. ತಲೆ ತಾನೇ ಪಕ್ಕಕ್ಕೆ ತಿರುಗಲೆಂದು ಕಾದೆ. ಮುಂದಿನ ಬೇನೆಗೆ ಮೇಲಿನ ಭುಜ ಜಾರಿತು, ಆಮೇಲೆ ಮಗುವನ್ನು ಎತ್ತಿ ಹಿಂದಿನ ಭುಜವನ್ನು ಆ ಜಾಗದ ಮೇಲಿಂದ ಉಜ್ಜದ ಹಾಗೆ ಬಿಡಿಸಿದೆ. ಹೆಣ್ಣು ಮಗು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀನಿ, ಅತ್ತಿತು. ತಾಟಿನ ಬೆಳಕು ನನ್ನ ಕೈಬಿಟ್ಟು ಚಾವಣಿಗೆ ಹೋಯಿತು. ತಾಯಿ ಕೂತುಬಿಟ್ಟಿದ್ದಳು.

ಮಾಸು ಬಿದ್ದ ಮೇಲೆ ಮತ್ತೆ ಬೆಳಕು ಕೇಳಿದೆ. ಎಡಗಡೆ ಚರ್ಮ ಮಾತ್ರ ಉಗುರಿನಷ್ಟು ಬಿರಿದಿತ್ತು, ಹೊಲಿಗೆ ಬೇಡ. ಹಳೆಯ ಗುರುತು ಊದಿತ್ತು, ಆದರೆ ಕೂಡಿಕೊಂಡೇ ಇತ್ತು. ಕೈಗವಸು ಹಾಕಿ ಹಿಂದಿನಿಂದ ಬೆರಳಿಟ್ಟು, ಬಿಗಿ ಹಿಡಿ ಎಂದೆ. ಬೆರಳ ಸುತ್ತ ಉಂಗುರದ ಹಾಗೆ ಬಿಗಿಯಾಯಿತು. ಆದರೂ ನಾನು ಯಾರಿಗೂ ಏನೂ ಹೇಳಲಿಲ್ಲ. ಊತದಲ್ಲಿ ಕೈಗೂ ಮೋಸವಾಗುತ್ತದೆ. ಹೊಟ್ಟೆ ಮೊದಲ ಸಲ ಸಡಿಲಾಗುವವರೆಗೆ ನಿಜ ತಿಳಿಯುವುದಿಲ್ಲ.

ಸೂಲಗಿತ್ತಿ ಮಗುವಿಗೆ ನೀರು ಹಾಕಿ, ಬಟ್ಟೆ ಸುತ್ತಿ, ತಂಗಿಯ ಮಡಿಲಿಗೆ ಕೊಟ್ಟಳು. ತಂಗಿ ಸ್ವಲ್ಪ ಸರಿದು ಗೋಡೆಯ ಪಕ್ಕ ಜಾಗ ಬಿಟ್ಟಳು. ಅಕ್ಕ ಅಲ್ಲಿ ಕೂತಳು.

ನಾನು ಸಿರುಗುಪ್ಪಕ್ಕೂ ಬಳ್ಳಾರಿಗೂ ಹೇಳಿ ಕಳಿಸಿ ಅಲ್ಲಿಯೇ ಉಳಿದೆ. ದಿನಕ್ಕೆ ಹಲವು ಸಲ ಬಿಸಿನೀರು ಸುರಿಯುವುದು, ಒತ್ತಿ ಒಣಗಿಸುವುದು. ತಿಳಿ ಸಾರು, ಹಾಲು, ಮೆದು ಅನ್ನ, ಆಮೇಲೆ ಸ್ವಲ್ಪ ಹರಳೆಣ್ಣೆ. ಆ ದಿನಗಳು ಬಹಳ ಮೆಲ್ಲಗೆ ಹೋದವು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮಗು ನಿದ್ದೆಯಲ್ಲಿ ಬಾಯಿ ಆಡಿಸುತ್ತಿತ್ತು. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ, ಬಂಡೆಗಳ ಮೇಲೆ ಬಿಸಿಲು ಬದಲಾಗುವುದನ್ನು ನೋಡುತ್ತ ಕೂರುತ್ತಿದ್ದೆ. ಬಳ್ಳಾರಿಯಿಂದ ಡಾಕ್ಟರಮ್ಮ ಔಷಧಿ ಕಳಿಸಿದರು. ಕತ್ತರಿ ಬಳಸಿದೆಯಾ ಎಂದು ಕೇಳಿ ಕಳಿಸಿದ್ದರು. ಇಲ್ಲ ಎಂದು ಹೇಳಿ ಕಳಿಸಿದೆ, ಗುಣವಾಯಿತು ಎಂದು ಮಾತ್ರ ಹೇಳಲಿಲ್ಲ.

ಒಂದು ಬೆಳಿಗ್ಗೆ ಆಕೆ ಹಾಸಿಗೆಯಿಂದ ತಾನೇ ಎದ್ದಳು. ಹೊಟ್ಟೆ ಕರೆಯುತ್ತಿದೆ ಎಂದಳು. ನಾನು ಮಲದ ತಟ್ಟೆ ತರಲು ಹೋದರೆ ಬೇಡವೆಂದಳು. ಚೆಂಬಿಗೆ ನೀರು ತುಂಬಿಕೊಂಡು ಹಿತ್ತಲ ಬಾಗಿಲು ತೆರೆದಳು. ಹಿತ್ತಲು ಉದ್ದವಾಗಿತ್ತು, ಕೊನೆಯಲ್ಲಿ ಬೇಲಿ, ಬೇಲಿಯ ಮರೆಗೆ ಸೋಗೆಯ ತಡಿಕೆ. ನಾನು ಹಿಂದೆ ಹೊರಟೆ. ಆಕೆ ತಿರುಗಿ ಕೈಯಿಂದಲೇ ನಿಲ್ಲು ಎಂದಳು. ನಿಂತೆ. ಬಾಣಂತಿಯ ನಡಿಗೆ, ಒಂದೊಂದೇ ಹೆಜ್ಜೆ. ನಡುವೆ ಒಂದು ಸಲ ನಿಂತಳು, ಸೊಂಟದ ಮೇಲೆ ಕೈಯಿಟ್ಟುಕೊಂಡಳು. ನಾನೂ ಒಂದು ಹೆಜ್ಜೆ ಮುಂದಿಟ್ಟೆ. ಮತ್ತೆ ನಡೆದಳು, ತಡಿಕೆಯ ಹಿಂದೆ ಮರೆಯಾದಳು. ತಾಯಿಯೂ ಸೂಲಗಿತ್ತಿಯೂ ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಬಂದು ನಿಂತದ್ದು ಗೊತ್ತಾಯಿತು.

ತಿರುಗಿ ಬರುವಾಗ ಬಿಸಿಲು ಆಕೆಯ ಮುಖದ ಮೇಲಿತ್ತು. ಸೀರೆಯ ನೆರಿಗೆ ಒಣಗಿಯೇ ಇತ್ತು. ನನ್ನ ಮುಂದೆ ಬಂದು ನಿಂತಳು.

"ಅಲ್ಲಿ ಮುಟ್ಟೋತನಕ ಹಿಡಕೊಂಡ್ನಿರಿ ಅಕ್ಕಾರ. ನಡುವ ಒಮ್ಮಿ ಜೋರು ಬಂತು, ಆದ್ರೂ ಹಿಡಕೊಂಡ್ನಿ."

ಅಷ್ಟು ಹೇಳಿ, ಚೆಂಬನ್ನು ಗೋಡೆಯ ಬದಿಗೆ ಇಟ್ಟು, ಕೈಕಾಲು ತೊಳೆದುಕೊಂಡು, ಅಳುತ್ತಿದ್ದ ಮಗುವನ್ನು ಎತ್ತಿಕೊಳ್ಳಲು ಒಳಗೆ ಹೋದಳು.